ಬ್ಯಾಸ್ಕೆಟ್‌ಬಾಲ್: ಶಾಲೆಯ ಅಂಗಳದಿಂದ ದೇಶದ ತಂಡಕ್ಕೆ

ಬಾನುಲಿಯ ಕ್ರೀಡಾವಾರ್ತೆಯಲ್ಲಿ ಕ್ರಿಕೆಟ್ಟಿನ ಓಟಗಳನ್ನು ಕಿವಿಗೊಟ್ಟು ಕೇಳುವ ನಾವು, ಬ್ಯಾಸ್ಕೆಟ್‌ಬಾಲ್ ಎಂದೊಡನೆ ಎದ್ದು ಕಾಫಿಗೆ ಹೋಗುವುದುಂಟು. ಆದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಶಾಲೆಯ ಮಕ್ಕಳಿಗೆ ಈ ಆಟ ಅಪರಿಚಿತವಲ್ಲ. ಶಾಲೆಯಲ್ಲಿ ಕಲಿತ ಆಟ ಶಾಲೆ ಬಿಟ್ಟ ಮೇಲೆ ಏನಾಗುತ್ತದೆ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಈ ಆಟವನ್ನು ಕಲ್ಪಿಸಿದವರು ಒಬ್ಬ ಉಪಾಧ್ಯಾಯರು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬವರು, ಚಳಿಗಾಲದಲ್ಲಿ ಹೊರಗೆ ಆಡಲಾಗದ ವಿದ್ಯಾರ್ಥಿಗಳಿಗಾಗಿ ಪೀಚ್ ಹಣ್ಣಿನ ಬುಟ್ಟಿಗಳನ್ನು 10 ಅಡಿ ಎತ್ತರದಲ್ಲಿ ಕಟ್ಟಿಸಿ, ಅವುಗಳೊಳಗೆ ಚೆಂಡೆಸೆಯುವಂತೆ ಮಾಡಿದರು. ಬುಟ್ಟಿ ಹೋಗಿ ಕಬ್ಬಿಣದ ಉಂಗುರ ಬಂದರೂ ಎತ್ತರ ಇಂದಿಗೂ ಅಷ್ಟೇ. ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ, ಪಕ್ಷವೊಂದಕ್ಕೆ ಐವರು. ಚೆಂಡು ದೊರೆತ ಪಕ್ಷ 24 ಸೆಕೆಂಡುಗಳೊಳಗೆ ಉಂಗುರಕ್ಕೆ ಗುರಿಯಿಡಲೇಬೇಕು. ಇಷ್ಟು ಅಲ್ಪ ಸಮಯದಲ್ಲಿ ಯಾರು ಎಲ್ಲಿ ನಿಂತಿರುವರೆಂದು ಕೇಳಿ ತಿಳಿಯಲಾಗದು. ವರ್ಷಗಟ್ಟಲೆ ಜತೆಯಾಗಿ ಆಡಿದವರಿಗೆ ಮಾತ್ರ ಅದು ತಾನಾಗಿ ತಿಳಿಯುತ್ತದೆ.

ಕ್ಲಬ್ಬಿನ ಅಗತ್ಯ ಇರುವುದು ಇಲ್ಲಿಯೇ. ಯೂರೋಪಿನ ಲಿಥುವೇನಿಯ ದೇಶದ ಜನಸಂಖ್ಯೆ 30 ಲಕ್ಷಕ್ಕೂ ಕಡಮೆ. 2011ರ ಗಣತಿಯಂತೆ ನಮ್ಮ ಹಾಸನ ಜಿಲ್ಲೆಯೊಂದರಲ್ಲಿಯೇ 17 ಲಕ್ಷ 76 ಸಾವಿರ ಜನರಿದ್ದರು. ಅಂಥ ಚಿಕ್ಕ ದೇಶ 1937, 1939 ಮತ್ತು 2003ರಲ್ಲಿ ಯೂರೋಪಿನ ಪ್ರಶಸ್ತಿಯನ್ನು ಗೆದ್ದಿತು. ಅಲ್ಲಿನ ಕೌನಾಸ್ ನಗರದಲ್ಲಿ 1944ರಲ್ಲಿ ಹುಟ್ಟಿದ ಕ್ಲಬ್ಬು ಜಾಲ್ಗಿರಿಸ್. ಅದೇ ಊರಿನ ಹುಡುಗ ಆರ್ವಿದಾಸ್ ಸಬೋನಿಸ್ ಆ ಕ್ಲಬ್ಬಿನಲ್ಲಿ ಆಡಿ ಬೆಳೆದು, 1992ರ ಒಲಿಂಪಿಕ್ಸಿನಲ್ಲಿ ದೇಶಕ್ಕೆ ಕಂಚಿನ ಪದಕ ತಂದವರಲ್ಲಿ ಒಬ್ಬನಾದನು.

ನಮ್ಮಲ್ಲಿಯೂ ಏನೂ ನಡೆದಿಲ್ಲವೆಂದಲ್ಲ. ಭಾರತದಲ್ಲಿ ರಾಷ್ಟ್ರೀಯ ಪಂದ್ಯಾವಳಿ 1934ರಲ್ಲಿ ಮೊದಲಾಯಿತು. 1980ರ ಮಾಸ್ಕೋ ಒಲಿಂಪಿಕ್ಸಿನಲ್ಲಿ ನಮ್ಮ ಪುರುಷರು ಆಡಿದರು. 2017ರ ಜುಲೈಯಲ್ಲಿ ಬೆಂಗಳೂರಿನಲ್ಲಿಯೇ ನಡೆದ ಏಷ್ಯಾ ಕಪ್ಪಿನ ಎರಡನೆಯ ವಿಭಾಗದಲ್ಲಿ ನಮ್ಮ ಮಹಿಳೆಯರು ಕಜಕಸ್ಥಾನವನ್ನು 75-73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೇರಿದರು. ಬೆಂಗಳೂರಿನಲ್ಲಿ ಬೀಗಲ್ಸ್, ದೇವಾಂಗ ಯೂನಿಯನ್ ಮೊದಲಾದ ಕ್ಲಬ್ಬುಗಳುಂಟು. ಅಲ್ಲಿನ ಮಕ್ಕಳು ಶಾಲೆ ಬಿಟ್ಟ ಮೇಲೂ ಸಂಜೆ ಹೋಗಿ ಆಡುವ ಸ್ಥಳವೊಂದಿದೆ.

ತಾಲ್ಲೂಕಿನ ಮಕ್ಕಳ ಪಾಡು ಬೇರೆ. ಶಾಲೆಯಲ್ಲಿರುವಷ್ಟು ದಿನ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳಿವೆ. ಹತ್ತನೆಯ ತರಗತಿ ಮುಗಿದೊಡನೆ ಅನೇಕರಿಗೆ ಮೆಟ್ಟಿಲೇ ಇಲ್ಲ. ನಮ್ಮ ಶಾಲೆಯ ತಂಡದಲ್ಲಿ ಚೆನ್ನಾಗಿ ಆಡುತ್ತಿದ್ದ ಹುಡುಗಿಯೊಬ್ಬಳು ಕಾಲೇಜು ಸೇರಿದ ಮೇಲೆ, ಒಂದು ಸಂಜೆ ಬೇಲಿಯಾಚೆ ನಿಂತು ಒಳಗಿನ ಕಂಬವನ್ನು ನೋಡುತ್ತಿದ್ದಳು. ಮಾತನಾಡಿಸಿದಾಗ, “ಸಾರ್, ಸಂಜೆ ಒಂದು ಗಂಟೆ ಗೇಟಿನ ಬೀಗ ತೆಗೆಸಿಕೊಡ್ತೀರಾ?” ಎಂದಳು. ಮೂವತ್ತು ವರ್ಷ ವ್ಯಾಕರಣ ಹೇಳಿದ ನನಗೆ ತಕ್ಷಣ ಉತ್ತರ ತೋಚಲಿಲ್ಲ.

ಡ್ರಿಲ್ ಮೇಷ್ಟರೂ ನಾನೂ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ವಾರಕ್ಕೆ ಎರಡು ಸಂಜೆ ಬೀಗ ತೆಗೆಸತೊಡಗಿದೆವು. ಮೊದಲ ದಿನ ಬಂದವರು ನಾಲ್ವರು. ತಿಂಗಳು ಕಳೆಯುವಷ್ಟರಲ್ಲಿ ಹನ್ನೊಂದು ಮಂದಿಯಾದರು. ಇಬ್ಬರು ಅಂಗಡಿಯ ಕೆಲಸ ಮುಗಿಸಿ ಬರುವವರು. ಎರಡು ಪಕ್ಷ ಕಟ್ಟಿ ಒಬ್ಬರನ್ನು ತೀರ್ಪುಗಾರರನ್ನಾಗಿ ನಿಲ್ಲಿಸಲು ಅಷ್ಟು ಸಾಕು.

ಕ್ಲಬ್ಬೆಂದರೆ ದೊಡ್ಡ ಕಟ್ಟಡವೇ ಆಗಬೇಕೆಂದಿಲ್ಲ. ಒಂದು ಚೆಂಡು, ಗಟ್ಟಿಯಾದ ಎರಡು ಕಂಬ, ತಪ್ಪದ ವೇಳೆ, ಬೀಗದ ಕೈಗೆ ಹೊಣೆಯಾಗುವ ಹಿರಿಯರೊಬ್ಬರು ಇದ್ದರೆ ಮೊದಲಿಗೆ ಸಾಕು. ನಿಮ್ಮ ಊರಿನ ಶಾಲೆಯ ಅಂಗಳ ಸಂಜೆ ಬೀಗ ಹಾಕಿಕೊಂಡಿದ್ದರೆ, ಕೈ ಯಾರ ಬಳಿ ಇದೆಯೆಂದು ಒಮ್ಮೆ ವಿಚಾರಿಸಿ.