ನಂಜು ಕಳೆಯುವ ಕಿಣ್ವ ಯಾರ ಕಡೆ?

ಕುಡಿದ ಮದ್ಯ ರಕ್ತಕ್ಕೆ ಸೇರಿದ ಮೇಲೆ ಪಿತ್ತಜನಕಾಂಗದಲ್ಲಿ ಎರಡು ಹಂತದ ಕೆಲಸ ನಡೆಯುತ್ತದೆ. ಮೊದಲನೆಯ ಕಿಣ್ವ ಮದ್ಯಸಾರವನ್ನು ಅಸಿಟಾಲ್ಡಿಹೈಡ್ ಆಗಿ ಮಾರ್ಪಡಿಸುತ್ತದೆ. ಇದು ಮದ್ಯಸಾರಕ್ಕಿಂತ ಕಟುವಾದ ನಂಜು. ಡಿಎನ್‌ಎಗೆ ಅಂಟಿಕೊಂಡು ಅದರ ಎಳೆಗಳನ್ನೇ ಒಂದಕ್ಕೊಂದು ಬೆಸೆದುಬಿಡಬಲ್ಲದು. ಎರಡನೆಯ ಕಿಣ್ವವಾದ ಆಲ್ಡಿಹೈಡ್ ಡಿಹೈಡ್ರಾಜಿನೇಸ್ ಈ ನಂಜನ್ನು ನಿರುಪದ್ರವಿ ಅಸಿಟೇಟ್ ಆಗಿಸುತ್ತದೆ. ಮನುಷ್ಯನಲ್ಲಿ ಈ ಬಳಗದ ಕಿಣ್ವಗಳಿಗೆ 19 ಜೀನ್‌ಗಳಿವೆ. ಮದ್ಯ ಮುಟ್ಟದವರಿಗೂ ಇವು ಬೇಕು. ದೇಹದೊಳಗೆ ಕೊಬ್ಬು ಕೆಡುವಾಗಲೂ ಆಲ್ಡಿಹೈಡ್‌ಗಳು ಹುಟ್ಟುತ್ತಲೇ ಇರುತ್ತವೆ.

ಕಿಣ್ವ ಸೋತರೆ

ಚೀನಾ, ಜಪಾನ್, ಕೊರಿಯಾಗಳ ಬಹಳಷ್ಟು ಜನರಲ್ಲಿ ಈ ಬಳಗದ ಎಎಲ್‌ಡಿಎಚ್2 ಎಂಬ ಕಿಣ್ವ ಹುಟ್ಟಿನಿಂದಲೇ ದುರ್ಬಲ. ಅದರ ಸರಪಳಿಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುವುದೇ ಕಾರಣ. ಅಂಥವರು ಸ್ವಲ್ಪ ಕುಡಿದರೂ ಮುಖ ಕೆಂಪೇರುತ್ತದೆ, ಎದೆ ಬಡಿದುಕೊಳ್ಳುತ್ತದೆ. ಆದರೂ ಕುಡಿಯುತ್ತ ಹೋದವರಿಗೆ ಅನ್ನನಾಳದ ಕ್ಯಾನ್ಸರ್ ಬರುವ ಅಪಾಯ ಉಳಿದವರಿಗಿಂತ ಹೆಚ್ಚು. ಇಲ್ಲಿ ಕಿಣ್ವ ನಮ್ಮ ಕಾವಲಿಗಿದೆ, ಅದು ಸೋತಲ್ಲಿ ಕ್ಯಾನ್ಸರ್‌ಗೆ ದಾರಿಯಾಗುತ್ತದೆ.

ರಿಪೇರಿ ಮಾಡುವ ಕೋಶಗಳಲ್ಲಿ

ಮೂಳೆಯೊಳಗಿನ ಮಜ್ಜೆಯಲ್ಲಿರುವ ಆಕರಕೋಶಗಳು ಬದುಕಿನುದ್ದಕ್ಕೂ ಹೊಸ ರಕ್ತಕಣಗಳನ್ನು ಹುಟ್ಟಿಸುತ್ತವೆ. ಅವುಗಳಲ್ಲಿ ಇದೇ ಬಳಗದ ಎಎಲ್‌ಡಿಎಚ್1ಎ1 ಹೇರಳ. ಇದಕ್ಕೆ ಇನ್ನೊಂದು ಕೆಲಸವೂ ಉಂಟು. ವಿಟಮಿನ್ ಎ ಯಿಂದ ಬಂದ ರೆಟಿನಾಲ್ಡಿಹೈಡ್ ಅನ್ನು ಅದು ರೆಟಿನೋಯಿಕ್ ಆಮ್ಲವಾಗಿಸುತ್ತದೆ. ಎಳೆಯ ಕೋಶ ಯಾವಾಗ ಬಲಿತು ತನ್ನ ಕೆಲಸಕ್ಕೆ ಇಳಿಯಬೇಕು ಎಂಬುದನ್ನು ತೀರ್ಮಾನಿಸುವ ಸಂಕೇತಗಳಲ್ಲಿ ಈ ಆಮ್ಲವೂ ಒಂದು. ಅಂದರೆ ಅಂಗಾಂಶದ ದುರಸ್ತಿಯಲ್ಲಿ ಕಿಣ್ವಕ್ಕೆ ಎರಡು ಪಾತ್ರ: ಆಕರಕೋಶವನ್ನು ಕಾಯುವುದು, ಅದನ್ನು ಬಲಿಯಲು ಬಿಡುವುದು.

ಕಾಯುವ ಪಾತ್ರ ಢಾಳಾಗಿ ಕಾಣುವುದು ಕೀಮೋಥೆರಪಿಯಲ್ಲಿ. ಅಮೆರಿಕದಲ್ಲಿ 1959ರಲ್ಲಿ ಅನುಮತಿ ಪಡೆದ ಸೈಕ್ಲೋಫಾಸ್ಫಮೈಡ್ ಇಂದಿಗೂ ಬಳಕೆಯಲ್ಲಿರುವ ಔಷಧ. ಸೂಜಿಯಲ್ಲಿ ಬರುವಾಗ ಅದು ನಿಷ್ಕ್ರಿಯ. ಪಿತ್ತಜನಕಾಂಗ ಅದನ್ನು ಎಚ್ಚರಿಸುತ್ತದೆ. ಹಾಗೆ ಹುಟ್ಟುವ ಆಲ್ಡೋಫಾಸ್ಫಮೈಡ್ ಕೋಶದೊಳಗೆ ನುಗ್ಗಿ ಒಡೆದು, ಡಿಎನ್‌ಎಯನ್ನು ಹಾಳುಗೆಡಹುವ ಮಸ್ಟರ್ಡ್ ಎಂಬ ನಂಜಾಗುತ್ತದೆ. ಎಎಲ್‌ಡಿಎಚ್1ಎ1 ತುಂಬಿದ ಕೋಶದಲ್ಲಾದರೋ ಒಡೆಯುವ ಮೊದಲೇ ಅದು ಕೆಲಸಕ್ಕೆ ಬಾರದ ಕಾರ್ಬಾಕ್ಸಿಫಾಸ್ಫಮೈಡ್ ಆಗಿ ಮುಗಿದುಹೋಗುತ್ತದೆ. ಔಷಧದ ಏಟಿಗೆ ಬಿಳಿ ರಕ್ತಕಣಗಳು ಕುಸಿದರೂ ಮಜ್ಜೆ ಮತ್ತೆ ಚೇತರಿಸಿಕೊಳ್ಳುವುದಕ್ಕೆ ಇದೊಂದು ಮುಖ್ಯ ಕಾರಣ.

ಅದೇ ಕೊಡೆ, ಬೇರೆ ಕೈ

ಕ್ಯಾನ್ಸರ್ ಕೋಶಗಳೂ ಕಿಣ್ವದ ಈ ಕೊಡೆಯನ್ನೇ ಹಿಡಿಯುತ್ತವೆ. ಈ ಕಿಣ್ವ ಇದ್ದಲ್ಲಿ ಮಾತ್ರ ಕೋಶದೊಳಗೆ ಸಿಕ್ಕಿಬಿದ್ದು ಹಸಿರಾಗಿ ಹೊಳೆಯುವಂಥ ರಾಸಾಯನಿಕವೊಂದಿದೆ. ಅದರ ನೆರವಿನಿಂದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಸ್ತನ ಕ್ಯಾನ್ಸರ್ ಗಡ್ಡೆಯ ಕೋಶಗಳನ್ನು ಬೇರ್ಪಡಿಸಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊಳೆದ ಕೆಲವೇ ನೂರು ಕೋಶಗಳನ್ನು ಇಲಿಗೆ ಸೇರಿಸಿದರೂ ಹೊಸ ಗಡ್ಡೆ ಬೆಳೆಯಿತು. ಹೊಳೆಯದವುಗಳಿಗೆ ಆ ಶಕ್ತಿ ಇರಲಿಲ್ಲ. ಔಷಧ ಕೊಟ್ಟ ಮೇಲೂ ಅಳಿಯದೆ ಉಳಿದು ಗಡ್ಡೆಯನ್ನು ಮತ್ತೆ ಚಿಗುರಿಸುವುದರಲ್ಲಿ ಇಂಥ ಕೋಶಗಳ ಕೈವಾಡವಿದೆ ಎಂಬ ವಾದಕ್ಕೆ ಇದು ಬಲ ಕೊಟ್ಟಿತು.

ಹಾಗಾದರೆ ಕಿಣ್ವವನ್ನೇ ತಡೆದರಾಯಿತಲ್ಲ? ತಡೆಯುವ ರಾಸಾಯನಿಕಗಳೇನೋ ಇವೆ. ಆದರೆ ಮೈಯೆಲ್ಲ ತಡೆದರೆ ಗಡ್ಡೆಯ ಜೊತೆಗೆ ಮಜ್ಜೆಯ ರಕ್ಷಣೆಯೂ ಹೋಗುತ್ತದೆ. ಆದ್ದರಿಂದ ಯಾವ ಸದಸ್ಯ ಕಿಣ್ವವನ್ನು, ಯಾವ ಅಂಗಾಂಶದಲ್ಲಿ, ಯಾವ ಹೊತ್ತಿನಲ್ಲಿ ತಡೆಯಬೇಕು ಎಂಬುದೇ ನಿಜವಾದ ಕಗ್ಗಂಟು.

ಕಿಣ್ವವನ್ನು ತಡೆಯದೆಯೇ ಅದರ ಲಾಭ ಪಡೆದ ಚಿಕಿತ್ಸೆಯೊಂದು ಈಗಾಗಲೇ ಆಸ್ಪತ್ರೆಗಳಲ್ಲಿದೆ. ಅಂಗಾಂಶದ ಗುರುತು ಅರ್ಧ ಮಾತ್ರ ಹೊಂದುವ ತಂದೆ, ತಾಯಿ ಅಥವಾ ಒಡಹುಟ್ಟಿದವರಿಂದ ಮಜ್ಜೆ ಪಡೆದಾಗ, ದಾನಿಯ ಟಿ ಕೋಶಗಳೆಂಬ ರಕ್ಷಣಾ ಕೋಶಗಳು ರೋಗಿಯ ಮೈಮೇಲೆಯೇ ತಿರುಗಿಬೀಳುವ ಭಯವಿರುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ರೂಪುಗೊಂಡ ವಿಧಾನದಲ್ಲಿ ಕಸಿಯಾದ ಮೂರು, ನಾಲ್ಕನೆಯ ದಿನಗಳಂದು ಸೈಕ್ಲೋಫಾಸ್ಫಮೈಡ್ ಕೊಡುತ್ತಾರೆ. ರೋಗಿಯ ವಿರುದ್ಧ ಕೆರಳಿ ವೇಗವಾಗಿ ವಿಭಜಿಸುತ್ತಿರುವ ಟಿ ಕೋಶಗಳಿಗೆ ಏಟು ಬೀಳುತ್ತದೆ. ಕಿಣ್ವ ತುಂಬಿದ ಆಕರಕೋಶಗಳು ಉಳಿದು ಹೊಸ ರಕ್ತ ಕಟ್ಟುತ್ತವೆ. ಪೂರ್ತಿ ಹೊಂದುವ ದಾನಿ ಸಿಗದವರಿಗೂ ಇದರಿಂದ ಕಸಿಯ ಬಾಗಿಲು ತೆರೆಯಿತು. ಭಾರತದ ಆಸ್ಪತ್ರೆಗಳಲ್ಲೂ ಈ ಕ್ರಮ ಬಳಕೆಯಲ್ಲಿದೆ.