ಹಾಯಿ ದೋಣಿಯ ಹಿಂದೆ ಗಾಳ ಎಳೆಯುವವರಿಗೆ ಕೆಲವು ಮಾತು

ಟ್ರೋಲಿಂಗ್ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಟ್ರಾಲ್ ಬೋಟು ಅಂತ ತಿಳಿದುಕೊಳ್ಳುತ್ತಾರೆ. ಕೇಳಲು ಒಂದೇ ತರ ಇದ್ದರೂ ಎರಡೂ ಬೇರೆ ಬೇರೆ. ಟ್ರಾಲ್ ಬೋಟು ಎಳೆಯುವುದು ದೊಡ್ಡ ಬಲೆಯನ್ನು. ಟ್ರೋಲಿಂಗ್ ಎಂದರೆ ಓಡುತ್ತಿರುವ ದೋಣಿಯ ಹಿಂದೆ ಉದ್ದದ ದಾರ ಬಿಟ್ಟು, ತುದಿಯಲ್ಲಿ ಗಾಳ ಮತ್ತು ಎರೆ ಕಟ್ಟಿ, ನೀರಿನ ಮೇಲ್ಪದರದಲ್ಲಿ ಎಳೆಯುತ್ತಾ ಹೋಗುವುದು. ಅಂಜಲ್, ಕೇದರ ಮುಂತಾದ ಮೀನುಗಳು ಓಡುವ ಬೇಟೆಯನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವಂಥವು. ಅವುಗಳಿಗೇ ಈ ಉಪಾಯ.

ಇದು ಹೊಸ ವಿದ್ಯೆ ಏನಲ್ಲ. ಮಾಲ್ಡೀವ್ಸ್ ದ್ವೀಪಗಳಲ್ಲಿ ಇದಕ್ಕೆಂದೇ 'ವದು ದೋಣಿ' ಎಂಬ ಚಿಕ್ಕ ಹಾಯಿ ದೋಣಿಗಳಿದ್ದವು. ದೋಣಿ ಎಂಬ ಮಾತು ಅಲ್ಲಿಯೂ ನಮ್ಮದೇ ಹಾಗೆ ಇದೆ ನೋಡಿ! 1974ರಿಂದ ಅಲ್ಲಿನ ದೋಣಿಗಳಿಗೆ ಇಂಜಿನ್ ಬರಲು ಶುರುವಾಯಿತು. ನಮ್ಮ ಕರಾವಳಿಯಲ್ಲೂ ಈಗ ಹಾಯಿ ಕಾಣುವುದು ಕಡಿಮೆ. ಆದರೆ ಎಣ್ಣೆಯ ಖರ್ಚು ಲೆಕ್ಕ ಹಾಕಿದವರಿಗೆ ಗಾಳಿಯ ಬೆಲೆ ಗೊತ್ತು. ಇಂಜಿನ್ ಇರುವ ನಾಡದೋಣಿಯವರೂ ಒಂದು ಚಿಕ್ಕ ಹಾಯಿ ಇಟ್ಟುಕೊಂಡರೆ ಗಾಳ ಎಳೆಯುವಷ್ಟು ಹೊತ್ತು ಇಂಜಿನ್ ಬಂದ್ ಮಾಡಬಹುದು. ಈ ಮೀನುಗಳಿಗೆ ಬೇಕಾದ ವೇಗ 4ರಿಂದ 6 ನಾಟ್, ಅಂದರೆ ಗಂಟೆಗೆ ಸುಮಾರು 7ರಿಂದ 11 ಕಿ.ಮೀ. ಒಳ್ಳೆಯ ಗಾಳಿಗೆ ಹಾಯಿ ದೋಣಿ ಅಷ್ಟು ಓಡುತ್ತದೆ.

ತೊಂದರೆ ಇರುವುದು ಬೇರೆ ಕಡೆ. ಇಂಜಿನ್ ದೋಣಿಯಲ್ಲಿ ಮೀನು ಹಿಡಿದ ಕೂಡಲೇ ವೇಗ ತಗ್ಗಿಸಬಹುದು. ಹಾಯಿಗೆ ಅಂಥ ಬಟನ್ ಇಲ್ಲ. ಮೀನು ಒಂದು ಕಡೆ ಎಳೆಯುತ್ತದೆ, ದೋಣಿ ತನ್ನ ಪಾಡಿಗೆ ಮುಂದೆ ಹೋಗುತ್ತಿರುತ್ತದೆ. ಆಗ ಬೀಳುವ ಏಟಿಗೆ ದಾರ ತುಂಡಾಗುತ್ತದೆ, ಇಲ್ಲವೇ ಗಾಳ ಮೀನಿನ ಬಾಯಿ ಹರಿದು ಹೊರಗೆ ಬರುತ್ತದೆ. "ದೊಡ್ಡ ಮೀನು, ದಾರ ಕಡಿದು ಹೋಯ್ತು" ಅಂತ ನಾವು ಹೇಳಿಕೊಳ್ಳುತ್ತೇವೆ. ಬಹಳ ಸಲ ಮೀನು ಅಷ್ಟೇನೂ ದೊಡ್ಡದಿರುವುದಿಲ್ಲ, ಆ ಏಟನ್ನು ನುಂಗಿಕೊಳ್ಳಲು ದಾರದಲ್ಲಿ ಏನೂ ಇರಲಿಲ್ಲ ಅಷ್ಟೇ.

ಅದಕ್ಕೆ ಮೊದಲು ದೋಣಿಯ ತುದಿಯಿಂದ ಶುರು ಮಾಡೋಣ. ಹಳೆಯ ಬೈಕಿನ ಟ್ಯೂಬನ್ನು ಎರಡು ಬೆರಳು ಅಗಲಕ್ಕೆ, ಒಂದು ಮೀಟರ್ ಉದ್ದಕ್ಕೆ ಕತ್ತರಿಸಿ. ಒಂದು ತುದಿಯನ್ನು ದೋಣಿಯ ಹಿಂಭಾಗದ ಗಟ್ಟಿ ಗೂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ದಾರಕ್ಕೆ ಕಟ್ಟಿ. ದಾರವನ್ನು ಅಲ್ಲಿಗೇ ಮುಗಿಸಬಾರದು. ರಬ್ಬರ್ ಕಟ್ಟಿದ ಜಾಗದಿಂದ ಇನ್ನೂ ಎರಡೂವರೆ ಮೀಟರಿನಷ್ಟು ದಾರವನ್ನು ಸಡಿಲವಾಗಿ ಬಿಟ್ಟು, ಅದರ ಕೊನೆಯನ್ನು ಅದೇ ಗೂಟಕ್ಕೆ ಬಿಗಿಯಬೇಕು. ಮೀನು ಹೊಡೆದಾಗ ರಬ್ಬರ್ ಉದ್ದವಾಗಿ ಏಟನ್ನು ನುಂಗುತ್ತದೆ. ಅದು ತುಂಡಾಗುವ ಮೊದಲೇ ಸಡಿಲ ದಾರ ಬಿಗಿಯಾಗಿ ಭಾರ ಹೊರುತ್ತದೆ. ರಬ್ಬರ್ ಹಿಗ್ಗಿದ್ದು ಕಣ್ಣಿಗೆ ಕಾಣುವುದರಿಂದ ಮೀನು ಬಿದ್ದದ್ದೂ ಗೊತ್ತಾಗುತ್ತದೆ. ಬಿಸಿಲಿಗೆ ಬಿರಿದ ಟ್ಯೂಬ್ ಬೇಡ. ಚುಕ್ಕಾಣಿಗೆ, ಹಾಯಿಯ ಹಗ್ಗಕ್ಕೆ ಅಥವಾ ಹಾಯಿಯ ಕೆಳಗಿನ ಮರಕ್ಕೆ ದಾರ ಕಟ್ಟುವುದು ಎಂದಿಗೂ ಬೇಡ. ಅವು ಮೂರೂ ಯಾವ ಹೊತ್ತಿಗೂ ತಿರುಗಲು ಬಿಡುವಾಗಿರಬೇಕು.

ಮುಖ್ಯ ದಾರಕ್ಕೆ ಒಂದೂವರೆಯಿಂದ 2 ಮಿ.ಮೀ. ದಪ್ಪದ ನೈಲಾನ್ ಸಾಕು. ಮೀನಿನ ಭಾರಕ್ಕೆ ಇಷ್ಟು ದಪ್ಪ ಬೇಕಾಗಿಲ್ಲ, ಆದರೆ ತೆಳು ದಾರ ಕೈ ಕೊಯ್ಯುತ್ತದೆ. ದಾರದ ಕೊನೆಗೆ ಒಂದು ಸ್ವಿವೆಲ್ ಹಾಕಿ. ಎರೆ ನೀರಿನಲ್ಲಿ ಗಿರಗಿರ ತಿರುಗಿದರೂ ದಾರ ಹುರಿಯಾಗದಂತೆ ಅದು ತಡೆಯುತ್ತದೆ. ಸ್ವಿವೆಲ್‌ನಿಂದ ಮುಂದೆ ಒಂದು ಮೊಳದಷ್ಟು ತುಕ್ಕು ಹಿಡಿಯದ ಸ್ಟೀಲ್ ತಂತಿ. ಇದು ಅಂಜಲ್‌ಗಾಗಿ. ಅದರ ಹಲ್ಲು ಕತ್ತರಿಯ ಹಾಗೆ, ನೈಲಾನ್ ಎಷ್ಟು ದಪ್ಪ ಇದ್ದರೂ ಲೆಕ್ಕಕ್ಕಿಲ್ಲ. ಕೇದರಕ್ಕೆ ಮಾತ್ರ ಹೋಗುವವರಿಗೆ ತಂತಿ ಬೇಕಿಲ್ಲ. ಅದರ ಕಣ್ಣು ಚುರುಕು, ತಂತಿ ಕಂಡರೆ ಹಿಂದೆ ಸರಿಯುವುದುಂಟು.

ಎರೆಯಾಗಿ ಹೊಳೆಯುವ ಸ್ಟೀಲ್ ಚಮಚ ನಡೆಯುತ್ತದೆ, ಪ್ಲಾಸ್ಟಿಕ್ ಬೊಂಡಾಸವೂ ನಡೆಯುತ್ತದೆ. ಹಣ ಇಲ್ಲದಿದ್ದರೆ ಅಕ್ಕಿ ಚೀಲದ ಬಿಳಿ ಎಳೆಗಳನ್ನು ಬಿಡಿಸಿ ಗಾಳದ ಸುತ್ತ ಗೊಂಚಲು ಕಟ್ಟಿದರೂ ಆದೀತು. ನಿಜವಾದ ಬೂತಾಯಿಯನ್ನು ಪೋಣಿಸುವುದಾದರೆ ಬಾಲದ ಹತ್ತಿರ ಇನ್ನೊಂದು ಗಾಳ ಇರಲೇಬೇಕು. ಯಾಕೆಂದರೆ ಅಂಜಲ್ ಹಿಂದಿನಿಂದ ಬಂದು ಬಾಲವನ್ನು ಕತ್ತರಿಸಿಕೊಂಡು ಹೋಗುವ ಜಾತಿ.

ಚಿಕ್ಕ ದೋಣಿಗೆ ಮೂರು ದಾರ ಸಾಕು, ಆಸೆಪಟ್ಟು ಐದು ಬಿಟ್ಟರೆ ಅರ್ಧ ದಿನ ಗಂಟು ಬಿಡಿಸುವುದರಲ್ಲೇ ಹೋಗುತ್ತದೆ. ಎರಡು ಬದಿಗೂ ಬಿದಿರು ಚಾಚಿ, ಅವುಗಳ ದಾರ 40-50 ಮೀಟರ್ ಇರಲಿ, ನಡುವಿನದ್ದು 20 ಮೀಟರ್. ಉದ್ದ ಒಂದೇ ಸಮ ಇದ್ದರೆ ತಿರುಗುವಾಗ ಸಿಕ್ಕಿಕೊಳ್ಳುತ್ತವೆ. ದೋಣಿ ವಾಲಿದಾಗ ತಗ್ಗಿನ ಬದಿಯ ಬಿದಿರು ನೀರಿಗೆ ತಾಗದಂತೆ ಸ್ವಲ್ಪ ಮೇಲಕ್ಕೆ ಎತ್ತಿ ಕಟ್ಟಬೇಕು. ಗಾಳಿ ಬಿದ್ದುಹೋದರೆ ಎರೆ ಮುಳುಗುತ್ತದೆ, ಕಲ್ಲಿನ ಜಾಗವಾದರೆ ತಳಕ್ಕೆ ಸಿಕ್ಕುತ್ತದೆ. ಆಗ ದಾರವನ್ನು ಗಿಡ್ಡ ಮಾಡಿ. ಗಾಳಿ ಜೋರಾಗಿ ಎರೆ ನೀರಿನಿಂದ ಹೊರಗೆ ಹಾರತೊಡಗಿದರೆ ಸ್ವಿವೆಲ್‌ಗಿಂತ ಮೇಲೆ 100 ಗ್ರಾಂ ಸೀಸ ಸೇರಿಸಿ. ಪಕ್ಕದ ಗಾಳಿಗೆ ಓಡುವುದೇ ಎಲ್ಲಕ್ಕಿಂತ ಒಳ್ಳೆಯದು. ಗಾಳಿ ನೇರ ಬೆನ್ನಿಗಿದ್ದರೆ, ಮೀನಿನ ಗಡಿಬಿಡಿಯಲ್ಲಿ ಚುಕ್ಕಾಣಿ ಸ್ವಲ್ಪ ತಪ್ಪಿದರೂ ಹಾಯಿಯ ಮರ ಆಚೆಯಿಂದ ಈಚೆಗೆ ಬೀಸಿ ತಲೆಗೆ ಬಡಿಯುತ್ತದೆ.

ಮೀನು ಬಿದ್ದಾಗ ಏನು ಮಾಡಬೇಕು? ಚುಕ್ಕಾಣಿಯವನು ದೋಣಿಯನ್ನು ನಿಧಾನವಾಗಿ ಗಾಳಿಯ ಕಡೆಗೆ ತಿರುಗಿಸಿ ಹಾಯಿಯ ಹಗ್ಗ ಸಡಿಲಿಸಬೇಕು. ಹಾಯಿ ಪಟಪಟ ಅನ್ನುತ್ತದೆ, ವೇಗ ಇಳಿಯುತ್ತದೆ. ಪೂರ್ತಿ ನಿಲ್ಲಿಸಬಾರದು, ದಾರ ಸಡಿಲವಾದರೆ ಮೀನು ಗಾಳವನ್ನು ಕೊಡವಿ ಹಾಕುತ್ತದೆ. ಉಳಿದ ದಾರಗಳನ್ನು ಒಬ್ಬ ಬೇಗ ಒಳಗೆ ಎಳೆದುಕೊಳ್ಳಲಿ. ಮೀನಿನ ದಾರವನ್ನು ಕೈಗೆ ಸುತ್ತಿಕೊಳ್ಳುವುದು ಮಾತ್ರ ಖಂಡಿತ ಬೇಡ. ನಮ್ಮ ಜೊತೆ ಬಂದಿದ್ದ ಒಬ್ಬ ಹುಡುಗ ಎರಡು ಸುತ್ತು ಸುತ್ತಿಕೊಂಡಿದ್ದ. ಹತ್ತಿರ ಬಂದ ಅಂಜಲ್ ದೋಣಿ ಕಂಡು ಇನ್ನೊಮ್ಮೆ ಓಡಿತು. ದಾರ ಬೆರಳಿನ ಎಲುಬಿನ ತನಕ ಇಳಿಯಿತು. ಪಕ್ಕದವನ ಕೈಯಲ್ಲಿ ಚೂರಿ ಇದ್ದದ್ದರಿಂದ ಬೆರಳು ಉಳಿಯಿತು. ಅಂದಿನಿಂದ ಬಟ್ಟೆಯ ಗ್ಲೌಸ್ ಮತ್ತು ಹಿಂಭಾಗದಲ್ಲಿ ಸಿಕ್ಕಿಸಿದ ಒಂದು ಚೂರಿ ಇಲ್ಲದೆ ನಾವು ದಾರ ಬಿಟ್ಟಿಲ್ಲ. ಎಳೆದ ದಾರ ಕಾಲಬುಡದಲ್ಲಿ ಬೀಳದೆ ಬುಟ್ಟಿಗೆ ಬೀಳಲಿ.

ಇನ್ನೊಂದು ಮಾತು. ಮೀನು ಬದಿಗೆ ಬಂದಾಗ ನೋಡಲು ಎಲ್ಲರೂ ತಗ್ಗಿನ ಬದಿಗೆ ಓಡಬಾರದು. ಮೊದಲೇ ವಾಲಿದ ದೋಣಿ ಅಷ್ಟಕ್ಕೇ ಮಗುಚೀತು. ಕೊಕ್ಕೆ ಹಿಡಿದವನೊಬ್ಬ, ದಾರ ಹಿಡಿದವನೊಬ್ಬ, ಉಳಿದವರು ಎದುರು ಬದಿಯಲ್ಲಿ ಕುಳಿತಿರಲಿ.

ಮನೆಗೆ ಬಂದ ಮೇಲೆ ತಂತಿ, ಗಾಳ, ಸ್ವಿವೆಲ್‌ಗಳನ್ನು ಸಿಹಿ ನೀರಿನಲ್ಲಿ ತೊಳೆದು ಒಣಗಿಸಿ. ಗಾಳದ ಮೊನೆಯನ್ನು ಅರದಿಂದ ಎರಡು ಸಲ ಉಜ್ಜಿ. ತಂತಿಯಲ್ಲಿ ಎಲ್ಲಾದರೂ ಮಡಿಕೆ ಬಿದ್ದಿದ್ದರೆ ನೇರ ಮಾಡುವ ಗೋಜಿಗೆ ಹೋಗಬೇಡಿ, ಆ ತುಂಡನ್ನು ಬಿಸಾಡಿ ಹೊಸತು ಹಾಕಿ. ದಾರದ ಕೊನೆಯ ಒಂದು ಮಾರು ಉಗುರಿಗೆ ತರಿತರಿ ಅನಿಸಿದರೆ ಕತ್ತರಿಸಿ ಮತ್ತೆ ಗಂಟು ಹಾಕಿ.