ಪಡುವಣ ಕಡಲಿನ ಇನ್ನೊಂದೂರು

ಬರ್ಮಿಂಗ್‌ಹ್ಯಾಮಿನಿಂದ ಹೊರಟ ರೈಲು ವೇಲ್ಸಿನ ಕುರಿಗುಡ್ಡಗಳನ್ನು ದಾಟಿ ಅಬೆರಿಸ್ಟ್‌ವಿತ್‌ನಲ್ಲಿ ನಿಂತುಬಿಡುತ್ತದೆ. ಮುಂದೆ ಹಳಿಯಿಲ್ಲ, ಕಡಲು. ರೈಡೋಲ್, ಇಸ್ಟ್‌ವಿತ್ ಎಂಬ ಎರಡು ಹೊಳೆಗಳು ಇಲ್ಲಿನ ಬಂದರಿನಲ್ಲಿ ಕೂಡಿ ಸಮುದ್ರ ಸೇರುತ್ತವೆ. ಹೊನ್ನಾವರದಲ್ಲಿ ಶರಾವತಿಯ ಅಳಿವೆ ನೋಡುತ್ತ ಬೆಳೆದ ನನಗೆ ಇಲ್ಲಿ ದಿಕ್ಕು ತಪ್ಪಲಿಲ್ಲ. ಇಲ್ಲೂ ಸೂರ್ಯ ಕಡಲಿಗೇ ಇಳಿಯುತ್ತಾನೆ. ಹೊತ್ತು ಮಾತ್ರ ಬೇರೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಮುಳುಗುತ್ತಾನೆ, ಜೂನಿನಲ್ಲಿ ಒಂಬತ್ತೂವರೆಯಾದರೂ ಹೋಗಲೊಲ್ಲ.

ನಾನು ಬಂದದ್ದು ಹುಲ್ಲಿನ ತಳಿಗಳ ಬಗ್ಗೆ ಓದಲು. 1919ರಿಂದ ಆ ಕೆಲಸ ನಡೆಯುತ್ತಿರುವ ಊರು ಇದು. ತರಗತಿಗಳು ಪೆಂಗ್ಲೈಸ್ ಗುಡ್ಡದ ಮೇಲೆ. ಹತ್ತುವಾಗ ಏದುಸಿರು, ತಿರುಗಿ ನಿಂತರೆ ಇಡೀ ಕಾರ್ಡಿಗನ್ ಕೊಲ್ಲಿ. ಅದೇ ಏರಿನಲ್ಲಿ ವೇಲ್ಸಿನ ರಾಷ್ಟ್ರೀಯ ಗ್ರಂಥಾಲಯವಿದೆ. ಮಳೆ ಜೋರಾದ ದಿನ ಅಲ್ಲೇ ಕೂತು ಓದುತ್ತೇನೆ.

ಸಂಜೆಯಾದರೆ ಎಲ್ಲರೂ ಪ್ರಾಮಿಗೆ, ಅಂದರೆ ಕಡಲಂಚಿನ ರಸ್ತೆಗೆ. ಒಂದು ಬದಿಗೆ ಬಣ್ಣಬಣ್ಣದ ಹಳೆಯ ಮಹಡಿಮನೆಗಳ ಸಾಲು, ಇನ್ನೊಂದು ಬದಿಗೆ ಉರುಟು ಕಲ್ಲುಗಳ ದಂಡೆ. ತೆರೆ ಹಿಂದೆ ಸರಿಯುವಾಗ ಕಲ್ಲುಗಳು ಗರಗರ ಉರುಳುತ್ತವೆ. ಮರಳಿನ ದಂಡೆಯವರ ಕಿವಿಗೆ ಅದು ತೀರಾ ಹೊಸ ಸದ್ದು. ರಸ್ತೆಯ ಉತ್ತರ ತುದಿಯಲ್ಲಿ ಕಾನ್‌ಸ್ಟಿಟ್ಯೂಷನ್ ಗುಡ್ಡದ ಬುಡಕ್ಕೆ ಒಂದು ಕಬ್ಬಿಣದ ಕಂಬಿ. ಅಲ್ಲಿಯವರೆಗೆ ನಡೆದವರು ಅದನ್ನು ಕಾಲಿನಿಂದ ಒದ್ದೇ ಹಿಂದಿರುಗಬೇಕು. ಯಾಕೆಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಒದೆಯುವುದನ್ನು ಮಾತ್ರ ಯಾರೂ ಬಿಡುವುದಿಲ್ಲ.

ಚಳಿಗಾಲದಲ್ಲಿ ನಾನು 1865ರ ಪಿಯರ್ ಬಳಿ ನಿಲ್ಲುತ್ತೇನೆ. ಸಮುದ್ರದೊಳಕ್ಕೆ ಚಾಚಿದ ಈ ಕಟ್ಟೆಯ ಅಡಿಯ ಕಬ್ಬಿಣದ ತೊಲೆಗಳೇ ಸ್ಟಾರ್ಲಿಂಗ್ ಹಕ್ಕಿಗಳ ರಾತ್ರಿಯ ಮನೆ. ನಮ್ಮ ಗೊರವಂಕದ ಬಳಗದವು. ಹೊತ್ತು ಮುಳುಗುವಾಗ ಹಳ್ಳಿಹಳ್ಳಿಗಳ ಹೊಲಗಳಿಂದ ಗುಂಪು ಗುಂಪಾಗಿ ಬಂದು ಸಾವಿರಾರು ಹಕ್ಕಿಗಳು ನೀರಿನ ಮೇಲೆ ಒಟ್ಟಿಗೆ ಹೊರಳುತ್ತವೆ. ಬೀಸಿದ ಬಲೆಯಂತೆ ಹಿಂಡು ಅಗಲವಾಗುತ್ತದೆ, ಮುದುಡುತ್ತದೆ, ಒಮ್ಮೆಲೇ ತೊಲೆಗಳೊಳಗೆ ಸುರಿಯುತ್ತದೆ. ಆಮೇಲೆ ಕಾಲಡಿಯಿಂದ ಅವುಗಳ ಕಲಕಲ, ಅಲೆಯ ಸದ್ದನ್ನೂ ಮೀರಿ.

ಪಿಯರ್ ಪಕ್ಕದ ಕಲ್ಲಿನ ಕಟ್ಟಡ ಹೋಟೆಲಾಗಬೇಕಿತ್ತು. ಕಟ್ಟಿಸಿದವನ ಹಣ ಮುಗಿದು 1867ರಲ್ಲಿ ಅದನ್ನು ಹತ್ತು ಸಾವಿರ ಪೌಂಡಿಗೆ ಮಾರಲಾಯಿತು. 1872ರಲ್ಲಿ 26 ವಿದ್ಯಾರ್ಥಿಗಳೊಂದಿಗೆ ಅಲ್ಲೇ ನಮ್ಮ ಕಾಲೇಜು ಶುರುವಾಯಿತು. ಅದು ಉಳಿದದ್ದು ಗಣಿ ಕಾರ್ಮಿಕರು, ರೈತರು ಪ್ರಾರ್ಥನಾ ಮಂದಿರಗಳಲ್ಲಿ ಹಾಕಿದ ಚಿಲ್ಲರೆ ಕಾಸಿನ ಬಲದಿಂದಲೂ ಹೌದು. ಈ ಊರಿನ ಮೇಲೆ ನನಗೆ ಗೌರವ ಹುಟ್ಟಿದ್ದು ಈ ಸಂಗತಿ ತಿಳಿದ ಮೇಲೆ.

ಇಲ್ಲಿ ರಸ್ತೆಯ ಫಲಕದಲ್ಲೂ ಬಸ್ಸಿನ ಸೂಚನೆಯಲ್ಲೂ ವೆಲ್ಷ್ ಭಾಷೆಯಿದೆ. ಅದು ತಾನಾಗಿ ಬಂದದ್ದಲ್ಲ. ಬಂದರಿನ ಬಳಿಯ ಟ್ರೆವೆಖನ್ ಸೇತುವೆಯ ಕಥೆಯನ್ನು ನನಗೆ ಹೇಳಿದ್ದು ನಾನು ಬಾಡಿಗೆಗಿರುವ ಮನೆಯ ಅಜ್ಜಿ. 1963ರ ಫೆಬ್ರುವರಿ 2, ಹಿಮ ಬಿದ್ದ ಶನಿವಾರ. ಕೋರ್ಟಿನ ಸಮನ್ಸ್ ತಮ್ಮ ಭಾಷೆಯಲ್ಲೇ ಬರಬೇಕು ಎನ್ನುವವರು ಮೊದಲು ಅಂಚೆ ಕಚೇರಿಯ ಗೋಡೆಗೆಲ್ಲ ಭಿತ್ತಿಪತ್ರ ಅಂಟಿಸಿದರು. ಪೊಲೀಸರು ಯಾರನ್ನೂ ಹಿಡಿಯಲಿಲ್ಲ. ಹಿಡಿಯದಿದ್ದರೆ ಸಮನ್ಸ್ ಬರುವುದೆಲ್ಲಿಂದ? ಅವರಲ್ಲಿ ಹಲವರು ಸೇತುವೆಗೆ ಹೋಗಿ ರಸ್ತೆಯ ನಡುವೆಯೇ ಕೂತರು. ಸುಮಾರು ಅರ್ಧ ಗಂಟೆ ವಾಹನಗಳು ನಿಂತವು. ಇಂಥ ಹೋರಾಟಗಳ ಬಳಿಕ, ಕೊನೆಗೆ 2011ರ ಕಾನೂನು ವೆಲ್ಷ್‌ಗೆ ಅಧಿಕೃತ ಸ್ಥಾನ ಕೊಟ್ಟಿತು.

"ಕೂತವರಲ್ಲಿ ಬಹಳ ಮಂದಿ ನಿನ್ನ ವಯಸ್ಸಿನ ವಿದ್ಯಾರ್ಥಿಗಳೇ. ನಿಮ್ಮ ಕಡೆ ಕೋರ್ಟು ಯಾವ ಭಾಷೆಯಲ್ಲಿ ನಡೆಯುತ್ತದೆ?" ಅಜ್ಜಿ ಕೇಳಿದರು.

ಕೆಳಗಿನ ಕೋರ್ಟುಗಳಲ್ಲಿ ಕನ್ನಡವೂ ನಡೆಯುತ್ತದೆ, ಹೈಕೋರ್ಟಿನಲ್ಲಿ ಇಂಗ್ಲಿಷೇ ಎಂದೆ. ಅವರು ಇನ್ನೊಂದು ಲೋಟ ಚಹಾ ಸುರಿದು, ಕುರ್ಚಿ ಹತ್ತಿರ ಎಳೆದುಕೊಂಡು, ಮೊದಲಿನಿಂದ ಹೇಳು ಎಂದರು.